ಹಳೆಯ ಜಾವಾಗೆ ಹೊಸ ಟೈರ್: ಮೊದಲು ರಿಮ್ ಓದಿ, ಆಮೇಲೆ ಅಂಗಡಿಗೆ ಹೋಗಿ

ಪ್ರಶ್ನೆ: ನಮ್ಮ ತಂದೆಯವರದು 1967ರ ಜಾವಾ 250 ಬೈಕ್, ಮೈಸೂರಿನಲ್ಲೇ ತಯಾರಾದದ್ದು. ಬಹಳ ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಈಗ ಎಂಜಿನ್ ಕೆಲಸ ಮುಗಿದಿದೆ. ಟೈರ್‌ಗಳಲ್ಲಿ ಬಟನ್ (ನೆಲಕ್ಕೆ ತಾಗುವ ಭಾಗದ ಉಬ್ಬು ಅಚ್ಚು) ಇನ್ನೂ ಚೆನ್ನಾಗಿದೆ, ಆದರೆ ಪಕ್ಕದಲ್ಲಿ ಸಣ್ಣ ಬಿರುಕುಗಳಿವೆ. ಬದಲಿಸಲೇಬೇಕಾ? ಅಂಗಡಿಯವರು ‘3.25-16 ಸಿಗೋದು ಕಷ್ಟ, 100/90-16 ಹಾಕಿಸಿ, ದಪ್ಪ ಇದೆ, ಗ್ರಿಪ್ ಜಾಸ್ತಿ’ ಎನ್ನುತ್ತಾರೆ. ಮೆಕ್ಯಾನಿಕ್ 18 ಇಂಚಿನ ರಿಮ್ ಹಾಕಿಸಿಬಿಡಿ ಎನ್ನುತ್ತಾರೆ. ಮುಂದಿನ ಚಕ್ರಕ್ಕೆ ಉದ್ದ ಗೆರೆಯ ಟೈರೇ ಹಾಕಬೇಕು ಎಂದು ಚಿಕ್ಕಪ್ಪ ಹೇಳುತ್ತಾರೆ. ಜುಲೈನಲ್ಲಿ ಜಾವಾ ದಿನಕ್ಕೆ ಹೆಂಡತಿಯನ್ನು ಕೂರಿಸಿಕೊಂಡು ಮಂಡ್ಯದಿಂದ ಹೊರಡುವ ಆಸೆ. ಯಾರ ಮಾತು ಕೇಳಲಿ? – ಮಂಡ್ಯದ ಓದುಗರು

ಉತ್ತರ: ಮೊದಲ ಪ್ರಶ್ನೆಗೆ ನೇರ ಉತ್ತರ. ಬದಲಿಸಲೇಬೇಕು, ಎರಡನ್ನೂ. ಹೊಸ ಟೈರ್ ಬರುವವರೆಗೆ ಗಾಡಿಯನ್ನು ನಿಮ್ಮ ಬೀದಿಯ ತುದಿಯವರೆಗೆ ಓಡಿಸಿ ನೋಡಿ, ಅದಕ್ಕಿಂತ ಮುಂದೆ ಬೇಡ.

ಬಟನ್ ಚೆನ್ನಾಗಿದ್ದರೆ ಟೈರ್ ಚೆನ್ನಾಗಿದೆ ಎಂದು ತುಂಬಾ ಜನ ನಂಬುತ್ತಾರೆ. ದಿನಾ ಓಡುವ ಗಾಡಿಗೆ ಅದು ಸುಮಾರಾಗಿ ಸರಿ. ನಿಂತ ಗಾಡಿಗೆ ಸರಿಯಲ್ಲ. ರಬ್ಬರ್ ಸವೆಯದೇ ಇದ್ದರೂ ಹಳತಾಗುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಮತ್ತು ಓಝೋನ್ ಅದನ್ನು ನಿಧಾನವಾಗಿ ಗಟ್ಟಿ ಮಾಡುತ್ತವೆ. ಇದನ್ನು ತಡೆಯಲು ಟೈರ್ ಮಾಡುವಾಗಲೇ ರಬ್ಬರಿಗೆ ಒಂದು ಬಗೆಯ ಮೇಣ ಮತ್ತು ರಾಸಾಯನಿಕ ಸೇರಿಸಿರುತ್ತಾರೆ. ಚಕ್ರ ಉರುಳುತ್ತಾ, ಟೈರ್ ಬಾಗುತ್ತಾ ಇದ್ದರೆ ಆ ಮೇಣ ಮೇಲ್ಮೈಗೆ ಬರುತ್ತಾ ಇರುತ್ತದೆ. ಗಾಡಿ ನಿಂತಲ್ಲೇ ನಿಂತರೆ ಆ ರಕ್ಷಣೆ ನಿಂತುಹೋಗುತ್ತದೆ, ಬಿರುಕು ಬಿಡುತ್ತದೆ. ನಿಮ್ಮ ಟೈರಿನ ಪಕ್ಕದಲ್ಲಿ ಕಾಣುತ್ತಿರುವುದು ಅದೇ. ಬಟನ್ ಮೇಲೆ ಉಗುರು ಒತ್ತಿ ನೋಡಿ. ಹೊಸ ಟೈರಿನಲ್ಲಿ ಉಗುರು ಸ್ವಲ್ಪ ಇಳಿಯುತ್ತದೆ, ನಿಮ್ಮದರಲ್ಲಿ ಬಹುಶಃ ಜಾರುತ್ತದೆ. ಅಂಥ ರಬ್ಬರ್ ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ಜುಲೈ ಅಂದರೆ ಮಳೆ, ಅಲ್ವಾ?

ಕಾನೂನಿನಲ್ಲಿ ದ್ವಿಚಕ್ರ ವಾಹನದ ಬಟನ್ ಆಳ ಕನಿಷ್ಠ 0.8 ಮಿ.ಮೀ. ಇರಬೇಕು. ನಿಮ್ಮ ಟೈರ್ ಆ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ. ಅದಕ್ಕೇ ಹೇಳಿದ್ದು, ಹಳೆಯ ಗಾಡಿಯ ಟೈರನ್ನು ಬಟನ್ ನೋಡಿ ಅಳೆಯಬೇಡಿ, ವಯಸ್ಸು ನೋಡಿ ಅಳೆಯಿರಿ.

ಈಗ ಅಳತೆಯ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಅಂಗಡಿಯವರು, ಮೆಕ್ಯಾನಿಕ್ ಇಬ್ಬರೂ ಎಡವಿರುವುದು ಇಲ್ಲೇ. 3.25-16 ಅಂದರೆ ಟೈರಿನ ಅಗಲ ಸುಮಾರು 3.25 ಇಂಚು, ಕೂರುವ ರಿಮ್ಮಿನ ವ್ಯಾಸ 16 ಇಂಚು. ಎತ್ತರವನ್ನು ಬರೆದಿಲ್ಲ. ಹಳೆಯ ಇಂಚಿನ ಲೆಕ್ಕದಲ್ಲಿ ಟೈರಿನ ಎತ್ತರವೂ ಹೆಚ್ಚುಕಡಿಮೆ ಅಗಲದಷ್ಟೇ ಇರುತ್ತಿತ್ತು, ಅದಕ್ಕೆ ಬೇರೆ ಅಂಕಿ ಬೇಕಿರಲಿಲ್ಲ. ಹೊಸ ಲೆಕ್ಕ ಮಿಲಿಮೀಟರಿನದು. 100/90-16 ಅಂದರೆ ಅಗಲ 100 ಮಿ.ಮೀ., ಎತ್ತರ ಅದರ ಶೇ 90, ಅಂದರೆ 90 ಮಿ.ಮೀ., ರಿಮ್ ಅದೇ 16 ಇಂಚು. 16ಕ್ಕಿಂತ ಮೊದಲು ಬರುವ ಚಿಕ್ಕ ಗೆರೆ ಹಳೆಯ ಶೈಲಿಯ ಅಡ್ಡ ಪದರದ ಟೈರ್, ಅಂದರೆ ಒಳಗಿನ ದಾರದ ಪದರಗಳು ಓರೆಯಾಗಿ ಒಂದನ್ನೊಂದು ಹಾಯುವ ಟೈರ್ ಎಂದು ಹೇಳುತ್ತದೆ. ಗೆರೆಯ ಜಾಗದಲ್ಲಿ ‘ಆರ್’ ಅಕ್ಷರ ಇದ್ದರೆ ಅದು ರೇಡಿಯಲ್, ದಾರಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಹೋಗುವ ಹೊಸ ಬಗೆ. ರೇಡಿಯಲ್ ನಿಮ್ಮ ಗಾಡಿಗೆ ಬೇಡವೇ ಬೇಡ. ಅಡ್ಡ ಪದರದ ಟೈರಿಗೆಂದು ಮಾಡಿದ ಕಿರಿದಾದ ರಿಮ್ ಅದು. ಒಂದು ಚಕ್ರಕ್ಕೆ ರೇಡಿಯಲ್, ಇನ್ನೊಂದಕ್ಕೆ ಹಳೆಯ ಬಗೆ ಹಾಕಿದರಂತೂ ತಿರುವಿನಲ್ಲಿ ಎರಡೂ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ.

ಲೆಕ್ಕ ಹಾಕಿ ನೋಡಿ. 16 ಇಂಚು ಅಂದರೆ 406 ಮಿ.ಮೀ. 3.25ರ ಟೈರಿಗೆ ಎರಡೂ ಕಡೆಯ ಎತ್ತರ ಸೇರಿಸಿದರೆ ಒಟ್ಟು ವ್ಯಾಸ 571 ಮಿ.ಮೀ. ಆಸುಪಾಸು. ಇದು ಕಾಗದದ ಲೆಕ್ಕ, ನಿಜವಾದ ಟೈರ್ ಇದಕ್ಕಿಂತ ಕೆಲವು ಮಿಲಿಮೀಟರ್ ದೊಡ್ಡದಿರುತ್ತದೆ. 90/90-16ರ ಲೆಕ್ಕ 568. ಅಂದರೆ ಹೊಸ ಅಳತೆಯಲ್ಲಿ 3.25ಕ್ಕೆ ಹತ್ತಿರದ್ದು 90/90. ಅಂಗಡಿಯವರು ಹೇಳಿದ 100/90-16 ಮಾತ್ರ 586. ಅಗಲದಲ್ಲೂ ನಿಮ್ಮ ಟೈರಿಗಿಂತ 10 ಮಿ.ಮೀ.ಗೂ ಜಾಸ್ತಿ. ಕೇಳಲು ಚಿಕ್ಕ ವ್ಯತ್ಯಾಸ. ಆದರೆ ಜಾವಾದ ಹಿಂಭಾಗವನ್ನು ಒಮ್ಮೆ ಬಗ್ಗಿ ನೋಡಿ. ಚೈನ್ ಪೂರ್ತಿ ಕೇಸಿನೊಳಗಿದೆ. ಆ ಚೈನ್ ಕೇಸ್ ಮತ್ತು ಟೈರಿನ ನಡುವೆ ಜಾಗ ಎಷ್ಟಿದೆ? ಮಡ್‌ಗಾರ್ಡ್ ಎಷ್ಟು ಆಳವಾಗಿ ಚಕ್ರವನ್ನು ಸುತ್ತಿಕೊಂಡಿದೆ? ಸ್ಟ್ಯಾಂಡ್ ಹಾಕಿದಾಗ ಟೈರ್ ತಾಗದೇ ಇರಬಹುದು. ಇಬ್ಬರು ಕೂತು ಹಳ್ಳಕ್ಕೆ ಇಳಿದಾಗ ಶಾಕ್ ಪೂರ್ತಿ ಕುಗ್ಗುತ್ತದಲ್ಲ, ಆಗ ತಾಗುತ್ತದೆ.

ತಾಗದಿದ್ದರೂ ನಾನು 100/90 ಹಾಕಿಸಿ ಎನ್ನುವುದಿಲ್ಲ. ಕಾರಣ ರಿಮ್ಮಿನ ಅಗಲ. ಚಕ್ರ ಬಿಚ್ಚಿದಾಗ ರಿಮ್ಮಿನ ಮೇಲೆ ಅಚ್ಚೊತ್ತಿದ ಗುರುತು ಹುಡುಕಿ. ತುಕ್ಕು ಮುಚ್ಚಿಕೊಂಡಿದ್ದರೆ ಒರೆಸಿ ನೋಡಿ. ಹಳೆಯ ರಿಮ್ಮುಗಳಲ್ಲಿ ‘ಡಬ್ಲ್ಯೂಎಂ’ ಎಂಬ ಅಕ್ಷರಗಳ ಮುಂದೆ ಒಂದು ಅಂಕಿ ಇರುತ್ತದೆ. 1 ಇದ್ದರೆ ಒಳ ಅಗಲ 1.60 ಇಂಚು, 2 ಇದ್ದರೆ 1.85, 3 ಇದ್ದರೆ 2.15. ಕೆಲವು ರಿಮ್ಮುಗಳಲ್ಲಿ ನೇರವಾಗಿ 1.85x16 ಎಂದೇ ಬರೆದಿರುತ್ತದೆ. ಏನೂ ಕಾಣದಿದ್ದರೆ ಟೈರ್ ತೆಗೆದು, ಅದು ಕೂರುವ ಎರಡು ಅಂಚುಗಳ ನಡುವಿನ ಒಳ ಅಗಲವನ್ನು ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ. 1.85 ರಿಮ್ಮಿಗೆ 3.00ರಿಂದ 3.50ರವರೆಗಿನ ಟೈರ್ ಒಪ್ಪುತ್ತದೆ. 100/90ಕ್ಕೆ ಹೆಚ್ಚಿನ ಕಂಪನಿಗಳು ಹೇಳುವ ರಿಮ್ 2.15 ಅಥವಾ 2.50.

ಅಗಲದ ಟೈರನ್ನು ಕಿರಿದಾದ ರಿಮ್ಮಿಗೆ ತುರುಕಿದರೆ ಏನಾಗುತ್ತದೆ ಗೊತ್ತಾ? ಬುಡದಲ್ಲಿ ಎರಡೂ ಪಕ್ಕ ಒಳಕ್ಕೆ ಎಳೆದುಕೊಳ್ಳುತ್ತವೆ. ಮೇಲಿನ ಬಟನ್ ಭಾಗ ಬಿಲ್ಲಿನಂತೆ ಬಾಗಿ ಚೂಪಾಗುತ್ತದೆ. ನೇರ ಹೋಗುವಾಗ ನೆಲಕ್ಕೆ ತಾಗುವ ಪಟ್ಟಿ ಕಿರಿದಾಗುತ್ತದೆ, ನಡುಭಾಗ ಮಾತ್ರ ಬೇಗ ಸವೆಯುತ್ತದೆ. ತಿರುವಿನಲ್ಲಿ ಟೈರ್ ರಿಮ್ಮಿನ ಮೇಲೆ ಆಚೀಚೆ ವಾಲುತ್ತದೆ, ಹಿಂಭಾಗ ತೇಲಿದ ಹಾಗೆ ಅನಿಸುತ್ತದೆ. ದುಡ್ಡು ಕೊಟ್ಟು ದಪ್ಪ ಟೈರ್ ಹಾಕಿಸಿ, ಮೊದಲಿಗಿಂತ ಕಡಿಮೆ ಹಿಡಿತ ತಂದುಕೊಂಡ ಹಾಗಾಯಿತು. ಜೊತೆಗೆ ಚಕ್ರ ದೊಡ್ಡದಾದಷ್ಟೂ ಗೇರ್ ಭಾರವಾಗುತ್ತದೆ. 571ರಿಂದ 586 ಅಂದರೆ ಶೇ 2.6 ಹೆಚ್ಚು. ಇಬ್ಬರನ್ನು ಹೊತ್ತು ಏರು ಹತ್ತುವಾಗ ಹಳೆಯ 250 ಸಿಸಿ ಟೂ ಸ್ಟ್ರೋಕ್ ಎಂಜಿನ್ ಅದನ್ನು ಖಂಡಿತ ಹೇಳುತ್ತದೆ. ಈ ದಪ್ಪ ಟೈರಿನ ಮೋಹ ಎಷ್ಟು ಒಳ್ಳೆಯ ಗಾಡಿಗಳ ನಡೆ ಕೆಡಿಸಿದೆ ಎಂದು ನೆನೆದರೆ ಬೇಜಾರಾಗುತ್ತದೆ.

18 ಇಂಚಿನ ರಿಮ್ಮಿನ ಸಲಹೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಯೆಜ್ಡಿ ರೋಡ್‌ಕಿಂಗ್‌ಗೆ 18 ಇಂಚಿನ ಚಕ್ರ. ಆ ಅಳತೆಯ ಟೈರ್ ಪ್ರತಿ ಊರಿನಲ್ಲೂ ಸಿಗುತ್ತದೆ. ಮೆಕ್ಯಾನಿಕ್ ನಿಮ್ಮ ಓಡಾಟ ಸುಲಭವಾಗಲಿ ಎಂದೇ ಹೇಳಿರಬಹುದು. ಆದರೆ ಅದೇ ಮೈಸೂರಿನ ಅದೇ ಕಾರ್ಖಾನೆಯಿಂದ ಬಂದಿದ್ದರೂ ಅದು ಬೇರೆ ಗಾಡಿ. ನಿಮ್ಮ ಗಾಡಿಯ ಫೋರ್ಕ್, ಮಡ್‌ಗಾರ್ಡ್, ಸ್ಟ್ಯಾಂಡಿನ ಎತ್ತರ ಎಲ್ಲವೂ 16 ಇಂಚಿಗೆ ಹೊಂದಿಸಿದವು. ಚಕ್ರ ದೊಡ್ಡದಾದರೆ ಮಡ್‌ಗಾರ್ಡ್ ಎತ್ತಬೇಕು, ಸ್ಟ್ಯಾಂಡ್ ಗಿಡ್ಡವಾಗುತ್ತದೆ, ಗಾಡಿಯ ನಿಲುವೇ ಕೆಡುತ್ತದೆ. ತಯಾರಕರ ವಿವರಕ್ಕೆ ಹೊಂದದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಆ 16 ಇಂಚಿನ ಗುಂಡು ಚಕ್ರವೇ ಆ ಜಾವಾದ ಚಂದ. ಟೈರ್ ಹುಡುಕಲು ಎರಡು ವಾರ ಜಾಸ್ತಿ ಹಿಡಿದರೂ ಪರವಾಗಿಲ್ಲ, ರಿಮ್ ಬದಲಿಸಬೇಡಿ.

ಸರಿ, 3.25-16 ಹುಡುಕೋಣ. ಮಂಡ್ಯದ ಒಂದು ಅಂಗಡಿಯಲ್ಲಿ ಇಲ್ಲ ಅಂದಮಾತ್ರಕ್ಕೆ ಎಲ್ಲೂ ಇಲ್ಲ ಎಂದಲ್ಲ. ಬೇಗ ಖರ್ಚಾಗದ ಅಳತೆಯನ್ನು ಚಿಕ್ಕ ಅಂಗಡಿಯವರು ಇಟ್ಟುಕೊಳ್ಳುವುದಿಲ್ಲ, ಅಷ್ಟೇ. ಮೈಸೂರು, ಬೆಂಗಳೂರಿನ ಜಾವಾ-ಯೆಜ್ಡಿ ಕ್ಲಬ್ಬಿನವರನ್ನು ಕೇಳಿ. ಈ ಗಾಡಿಗಳನ್ನು ದಿನಾ ಓಡಿಸುವವರು ಅವರು. ಯಾವ ಕಂಪನಿಯ ಯಾವ ಟೈರ್ ಈಗ ಬರುತ್ತಿದೆ ಎಂದು ಅವರಿಗೆ ತಿಳಿದಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ವಿಚಾರಿಸಿ. ಹೋಗುವಾಗ ರಿಮ್ಮಿನ ಗುರುತನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ‘ಜಾವಾಗೆ ಟೈರ್ ಕೊಡಿ’ ಎಂದು ಕೇಳಿದರೆ ಕೆಲವರು ಈಗಿನ ಹೊಸ ಜಾವಾದ ಟೈರ್ ತೆಗೆದು ತೋರಿಸುತ್ತಾರೆ.

ಒಂದು ಎಚ್ಚರಿಕೆ. ಹಳೆಯ ಅಳತೆ ಹುಡುಕುತ್ತಾ ಹೋದಾಗ ‘ಕಂಪನಿ ಪೀಸ್, ಒಮ್ಮೆಯೂ ಹಾಕಿಲ್ಲ, ಕವರ್ ಕೂಡ ಬಿಚ್ಚಿಲ್ಲ’ ಎಂದು ಯಾರಾದರೂ ಗೋದಾಮಿನಲ್ಲಿ ಹತ್ತಾರು ವರ್ಷ ಬಿದ್ದಿದ್ದ ಟೈರ್ ತಂದು ಕೊಡುತ್ತಾರೆ. ಅದು ನಿಮ್ಮ ಶೆಡ್ಡಿನ ಟೈರಿನಷ್ಟೇ ಹಳತು. ಪಕ್ಕದಲ್ಲಿ ತಯಾರಿಕೆಯ ತಾರೀಕು ಹುಡುಕಿ. ಸಾಮಾನ್ಯವಾಗಿ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಕೈ ಮುಗಿದು ವಾಪಸ್ ಕೊಡಿ. ನಾನಾದರೆ ಎರಡು ವರ್ಷಕ್ಕಿಂತ ಹಳೆಯ ಸ್ಟಾಕ್ ತೆಗೆದುಕೊಳ್ಳುವುದಿಲ್ಲ. ನಿಮ್ಮ ಗಾಡಿ ವರ್ಷಕ್ಕೆ ಹೆಚ್ಚು ಓಡುವುದಿಲ್ಲ, ಟೈರ್ ಸವೆಯುವ ಮೊದಲೇ ಹಳತಾಗುತ್ತದೆ. ಹಾಗಾಗಿ ತಾಜಾ ಟೈರಿನಿಂದ ಶುರು ಮಾಡುವುದೇ ಲಾಭ. ಐದು ವರ್ಷ ಆದ ಮೇಲೆ ಪ್ರತಿವರ್ಷ ಬಿರುಕು ನೋಡಿಸಿ. ಹತ್ತು ವರ್ಷಕ್ಕೆ, ಬಟನ್ ಹೇಗೇ ಇರಲಿ, ತೆಗೆಯಿರಿ.

ಐಎಸ್‌ಐ ಗುರುತೂ ಇರಲಿ. ನಮ್ಮ ದೇಶದಲ್ಲಿ ಮಾರುವ ದ್ವಿಚಕ್ರ, ತ್ರಿಚಕ್ರ ವಾಹನಗಳ ಟೈರಿಗೆ ಐಎಸ್ 15627 ಎಂಬ ಮಾನದಂಡ ಇದೆ, ಆ ಅಂಕಿ ಟೈರಿನ ಮೇಲೇ ಅಚ್ಚಾಗಿರುತ್ತದೆ. ವಿದೇಶಿ ಟೈರಿನ ಬಗ್ಗೆ ನೀವು ಕೇಳಿಲ್ಲ, ಆದರೆ ಹುಡುಕುವಾಗ ಕಣ್ಣಿಗೆ ಬೀಳುತ್ತದೆ. ಜಾವಾದ ತವರಾದ ಜೆಕ್ ನಾಡಿನ ಮಿತಾಸ್ ಕಂಪನಿ ಹಳೆಯ ಗಾಡಿಗಳ ಅಳತೆಯಲ್ಲಿ ಟೈರ್ ಮಾಡುತ್ತದೆ, ನೋಡಲು ತುಂಬಾ ಚೆನ್ನಾಗಿವೆ. ಆದರೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮೋಟಾರ್‌ಸೈಕಲ್ ಟೈರ್ ಆಮದನ್ನೂ ನಿರ್ಬಂಧದ ಪಟ್ಟಿಗೆ ಸೇರಿಸಿತು. ಹಾಗಾಗಿ ಯಾರಾದರೂ ‘ಇಂಪೋರ್ಟೆಡ್’ ಎಂದು ಮಾರಿದರೆ ಬಿಲ್, ತಾರೀಕು ಎರಡನ್ನೂ ನೋಡದೆ ಕೊಳ್ಳಬೇಡಿ. ನಿಮ್ಮ ಓಡಾಟಕ್ಕೆ ತಾಜಾ ಆಗಿರುವ ದೇಸಿ ಟೈರ್ ಧಾರಾಳವಾಗಿ ಸಾಕು.

ಭಾರದ ಲೆಕ್ಕವನ್ನು ಜನ ಮರೆಯುತ್ತಾರೆ. ನೀವು ಮರೆಯುವಂತಿಲ್ಲ, ಯಾಕೆಂದರೆ ಹಿಂದೆ ಒಬ್ಬರು ಕೂರುತ್ತಾರೆ. ಟೈರಿನ ಅಳತೆಯ ಮುಂದೆ 48ಪಿ ಅಥವಾ 55ಪಿ ಎಂಬಂಥ ಗುರುತು ಇರುತ್ತದೆ. ಅಂಕಿ ಭಾರದ್ದು, ಅಕ್ಷರ ವೇಗದ್ದು. 48 ಅಂದರೆ ಆ ಒಂದು ಟೈರ್ 180 ಕೆ.ಜಿ. ಹೊರಬಹುದು. 55 ಅಂದರೆ 218 ಕೆ.ಜಿ. ಗಾಡಿ 130 ಕೆ.ಜಿ. ಆಸುಪಾಸು, ನೀವಿಬ್ಬರು ಸೇರಿ ಇನ್ನೊಂದು 130, ಬ್ಯಾಗು, ಟೂಲ್ ಸೇರಿ 10 ಎಂದುಕೊಳ್ಳಿ. ಒಟ್ಟು 270. ಇಬ್ಬರು ಕೂತಾಗ ಶೇ 60ರಿಂದ 65ರಷ್ಟು ಭಾರ ಹಿಂದಿನ ಚಕ್ರದ ಮೇಲೆ ಬೀಳುತ್ತದೆ, ಅಂದರೆ 160ರಿಂದ 175 ಕೆ.ಜಿ. ಹಿಂದೆ 48 ಹಾಕಿದರೆ ಅಂಚಿನಲ್ಲೇ ಓಡಿಸಿದ ಹಾಗೆ. ಹಳ್ಳಕ್ಕೆ ಬಿದ್ದಾಗಿನ ಹೊಡೆತ ಈ ಲೆಕ್ಕದಲ್ಲಿಲ್ಲ. ಆದ್ದರಿಂದ ಹಿಂದಕ್ಕೆ 55 ಅಥವಾ ಅದಕ್ಕೆ ಹತ್ತಿರದ್ದು ಹುಡುಕಿ. ವೇಗದ ಅಕ್ಷರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ‘ಎಲ್’ ಅಂದರೆ ಗಂಟೆಗೆ 120 ಕಿ.ಮೀ., ‘ಪಿ’ ಅಂದರೆ 150. ಈ ಗಾಡಿಗೆ ಎರಡೂ ಸಾಕು. ಕೆಲವು ಟೈರ್‌ಗಳಲ್ಲಿ ಈ ಅಂಕಿಯ ಬದಲು 4ಪಿಆರ್, 6ಪಿಆರ್ (ಪ್ಲೈ ರೇಟಿಂಗ್, ಪದರಗಳ ಬಲದ ಗುರುತು) ಎಂದು ಮಾತ್ರ ಇರುತ್ತದೆ. ಆಗ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಗರಿಷ್ಠ ಭಾರವನ್ನು ಓದಿ.

ಇನ್ನು ಚಿಕ್ಕಪ್ಪನ ಗೆರೆ ಟೈರ್. ಅವರು ಹೇಳುವುದರಲ್ಲಿ ಹುರುಳಿದೆ. ಆ ಕಾಲದ ಗಾಡಿಗಳಲ್ಲಿ ಮುಂದೆ ಉದ್ದ ಗೆರೆ, ಹಿಂದೆ ಚೌಕ ಬಟನ್ ಇರುತ್ತಿದ್ದುದು ಬರೀ ಅಂದಕ್ಕಲ್ಲ. ಮುಂದಿನ ಚಕ್ರದ ಕೆಲಸ ದಾರಿ ಹಿಡಿಯುವುದು, ಹಿಂದಿನದರ ಕೆಲಸ ತಳ್ಳುವುದು. ಉದ್ದ ಗೆರೆಗಳು ಗಾಡಿ ಪಕ್ಕಕ್ಕೆ ಜಾರುವುದನ್ನು ತಡೆಯುತ್ತವೆ, ನೀರನ್ನು ಹಿಂದಕ್ಕೆ ಹರಿಸುತ್ತವೆ. ಡಾಂಬರು ರಸ್ತೆಯಲ್ಲಿ ಅದು ತುಂಬಾ ಚೆನ್ನ. ಆದರೆ ನೀವು ಇರುವುದು ಮಂಡ್ಯದಲ್ಲಿ. ನಾಲೆ ಪಕ್ಕದ ಮಣ್ಣು ದಾರಿಗೂ ಗಾಡಿ ಇಳಿಯುತ್ತದೆ ಎಂದಾದರೆ, ಕೆಸರಿನಲ್ಲಿ ಉದ್ದ ಗೆರೆ ತುಂಬಿಕೊಂಡು ನುಣ್ಣಗಾಗುತ್ತದೆ. ಬ್ರೇಕ್ ಹಿಡಿದರೆ ನಿಲ್ಲುವುದಿಲ್ಲ. ಹೆದ್ದಾರಿ, ಊರಿನ ರಸ್ತೆ ಮಾತ್ರ ಅಂದರೆ ಚಿಕ್ಕಪ್ಪನ ಮಾತು ಕೇಳಿ. ತೋಟದ ದಾರಿಯೂ ಇದೆ ಅಂದರೆ ಎರಡಕ್ಕೂ ಒಂದೇ ಬಗೆಯ ಸಾಧಾರಣ ಬಟನ್ ಟೈರ್ ಹಾಕಿಸಿ. ಹಳೆಯ ಜಾವಾದಲ್ಲಿ ಮುಂದೆ ಹಿಂದೆ ಅಳತೆ ಒಂದೇ ಆಗಿರುವುದರಿಂದ ಇದು ಸುಲಭ. ಎರಡನ್ನೂ ಒಂದೇ ಕಂಪನಿಯದು, ಒಂದೇ ಹೊತ್ತಿನಲ್ಲಿ ಕೊಳ್ಳಿ. ಎತ್ತರದ ಗಡುಸು ಬಟನ್ ಇರುವ ಆಫ್‌ರೋಡ್ ಟೈರ್ ಮಾತ್ರ ಬೇಡ, ಡಾಂಬರಿನ ಮೇಲೆ ಅದು ಅಲುಗಾಡುತ್ತದೆ.

ಟ್ಯೂಬನ್ನು ಮರೆಯಬೇಡಿ. ಸ್ಪೋಕ್ ಚಕ್ರ, ಹಳೆಯ ರಿಮ್, ಟ್ಯೂಬ್ ಇರಲೇಬೇಕು. ಹೊಸ ಟೈರಿಗೆ ಹೊಸ ಟ್ಯೂಬ್, ಹಳೆಯದು ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಹಿಗ್ಗಿದ ಟ್ಯೂಬ್ ಹೊಸ ಟೈರಿನೊಳಗೆ ಮಡಿಚಿಕೊಂಡು, ಮಡಿಕೆಯ ಜಾಗದಲ್ಲೇ ಒಡೆಯುತ್ತದೆ. ಟ್ಯೂಬ್ ಒಡೆದರೆ ಗಾಳಿ ಒಮ್ಮೆಲೇ ಹೋಗುತ್ತದೆ, ಸಾವರಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಟ್ಯೂಬ್ ಮೇಲಿನ ಅಳತೆಯಲ್ಲಿ 3.25-16 ಸೇರಿರಬೇಕು. 18 ಇಂಚಿನದನ್ನು ‘ಸುಮ್ನೆ ಒಳಗೆ ಹೋಗುತ್ತೆ ಸಾರ್’ ಎಂದು ತುರುಕುವುದಕ್ಕೆ ಬಿಡಬೇಡಿ. ಸ್ಪೋಕ್ ತುದಿ ಟ್ಯೂಬಿಗೆ ಚುಚ್ಚದಂತೆ ತಡೆಯುವ ರಿಮ್ ಟೇಪನ್ನೂ ಹೊಸದು ಹಾಕಿಸಿ.

ಟೈರ್ ಬಿಚ್ಚಿದ ದಿನವೇ ರಿಮ್ಮಿನ ಒಳಗೆ ಕೈಯಾಡಿಸಿ ನೋಡಿ. ಐವತ್ತು ವರ್ಷ ದಾಟಿದ ರಿಮ್ಮಿನಲ್ಲಿ ತುಕ್ಕು ಪದರ ಪದರವಾಗಿ ಎದ್ದಿರುತ್ತದೆ, ಕ್ರೋಮ್ ಚೂರುಗಳು ಬ್ಲೇಡಿನಷ್ಟು ಹರಿತ. ಉಜ್ಜಿ ತೆಗೆಸಿ, ಪ್ರೈಮರ್ ಹೊಡೆಸಿ. ಟೈರ್ ಕೂರುವ ಅಂಚು ತೆಳ್ಳಗಾಗಿ ತೂತು ಬಿದ್ದಿದ್ದರೆ ರಿಪೇರಿಯ ಮಾತೇ ಬೇಡ, ಅದೇ ಅಳತೆಯ ಬೇರೆ ರಿಮ್ ಹುಡುಕಿ. ಸ್ಪೋಕ್ ತುದಿ ನಿಪ್ಪಲ್‌ನಿಂದ (ಸ್ಪೋಕನ್ನು ರಿಮ್ಮಿಗೆ ಬಿಗಿಯುವ ಚಿಕ್ಕ ನಟ್) ಹೊರಗೆ ಚಾಚಿದ್ದರೆ ಅರದಿಂದ ಉಜ್ಜಿಸಿ. ಪ್ರತಿ ಸ್ಪೋಕನ್ನೂ ಚಿಕ್ಕ ಸ್ಪ್ಯಾನರ್‌ನಿಂದ ತಟ್ಟಿ. ಬಿಗಿ ಇರುವುದು ಟಣ್ ಎನ್ನುತ್ತದೆ, ಸಡಿಲ ಇರುವುದು ಮಂಕಾಗಿ ಸದ್ದು ಮಾಡುತ್ತದೆ. ಟೈರ್ ಹಾಕುವ ಮೊದಲೇ ಚಕ್ರದ ಔಟ್, ಅಂದರೆ ತಿರುಗುವಾಗಿನ ಓಲಾಟ, ತೆಗೆಸಿಬಿಡಿ. ಬೇರಿಂಗ್, ಬ್ರೇಕ್ ಲೈನರ್ ನೋಡಲು ಇದಕ್ಕಿಂತ ಒಳ್ಳೆಯ ದಿನ ಬರುವುದಿಲ್ಲ.

ಹಾಕುವಾಗ ಸೋಪಿನ ನೀರು ಸಾಕು, ಗ್ರೀಸ್ ಅಥವಾ ಆಯಿಲ್ ಬೇಡ. ಅವು ರಬ್ಬರನ್ನು ತಿನ್ನುತ್ತವೆ. ಪಕ್ಕದಲ್ಲಿ ಬಾಣದ ಗುರುತು ಇದ್ದರೆ ಚಕ್ರ ತಿರುಗುವ ದಿಕ್ಕಿಗೆ ಸರಿಯಾಗಿ ಕೂರಿಸಿ. ಮುಂದೆ ಹಿಂದೆ ಎರಡಕ್ಕೂ ಬರುವ ಟೈರ್‌ಗಳಲ್ಲಿ ಕೆಲವಕ್ಕೆ ಎರಡು ಬಾಣ ಇರುತ್ತವೆ, ಯಾವ ಚಕ್ರಕ್ಕೆ ಯಾವುದು ಎಂದು ಪಕ್ಕದಲ್ಲೇ ಬರೆದಿರುತ್ತದೆ. ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರವಾದ ಜಾಗ, ಅದನ್ನು ವಾಲ್ವ್ ಹತ್ತಿರ ಬರುವಂತೆ ಇಡಿಸಿ. ರಿಮ್ಮಿನ ಪಕ್ಕದಲ್ಲಿ ಟೈರಿನ ಸುತ್ತ ಒಂದು ಸಣ್ಣ ಗೆರೆ ಕಾಣುತ್ತದೆ. ಗಾಳಿ ತುಂಬಿದ ಮೇಲೆ ಆ ಗೆರೆ ಎಲ್ಲ ಕಡೆ ಒಂದೇ ಅಂತರದಲ್ಲಿರಬೇಕು. ಒಂದು ಕಡೆ ಒಳಗೆ ಹೋಗಿದ್ದರೆ ಟೈರ್ ಸರಿಯಾಗಿ ಕೂತಿಲ್ಲ, ಗಾಳಿ ಬಿಟ್ಟು ಮತ್ತೆ ಕೂರಿಸಬೇಕು. ಪಂಕ್ಚರ್ ಅಂಗಡಿಯವರು ಅವಸರ ಮಾಡುತ್ತಾರೆ, ನೀವು ಮಾಡಬೇಡಿ.

ಗಾಳಿ ಎಷ್ಟು? ಹಳೆಯ ಕೈಪಿಡಿಯ ಅಂಕಿ ಆ ಕಾಲದ ಟೈರಿಗೆ ಬರೆದದ್ದು. ಈಗಿನ ಟೈರಿಗೆ ಮುಂದೆ 22ರಿಂದ 25, ಹಿಂದೆ ಒಬ್ಬರೇ ಇದ್ದರೆ 28, ಇಬ್ಬರಿದ್ದರೆ 32 ಪಿಎಸ್‌ಐ ಇಂದ ಶುರು ಮಾಡಿ. ಟೈರಿನ ಮೇಲೆ ಬರೆದಿರುವ ಗರಿಷ್ಠ ಮಿತಿ ದಾಟಬೇಡಿ. ಟೈರ್ ತಣ್ಣಗಿರುವಾಗಲೇ ಅಳೆಯಿರಿ.

ಮೊದಲ 150 ಕಿ.ಮೀ. ನಿಧಾನ. ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ, ಸ್ವಲ್ಪ ಸವೆದ ಮೇಲೆಯೇ ಹಿಡಿತ ಬರುವುದು. ಹಾಗಾಗಿ ಜಾವಾ ದಿನ ಬರುವ ಜುಲೈ ಎರಡನೇ ಭಾನುವಾರಕ್ಕೆ ಹೊರಡುವುದಾದರೆ ಟೈರ್ ಕೆಲಸ ಜೂನ್‌ನಲ್ಲೇ ಮುಗಿಸಿ. ಆ 150 ಕಿ.ಮೀ. ಆದ ಮೇಲೆ ಸ್ಪೋಕ್‌ಗಳನ್ನು ಮತ್ತೊಮ್ಮೆ ತಟ್ಟಿ ನೋಡಿ. ವಾಲ್ವನ್ನೂ ನೋಡಿ. ಅದು ನೇರ ನಿಂತಿರಬೇಕು. ಓರೆಯಾಗಿದ್ದರೆ ಟೈರ್ ರಿಮ್ಮಿನ ಮೇಲೆ ಜಾರಿ ಟ್ಯೂಬನ್ನು ಎಳೆಯುತ್ತಿದೆ ಎಂದರ್ಥ. ಗಾಳಿ ಬಿಟ್ಟು, ಟೈರ್ ತಿರುಗಿಸಿ ಸರಿಮಾಡಿಸಿ. ವಾಲ್ವ್ ಬುಡದ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಮೇಲಕ್ಕೆ ತಂದು ಕ್ಯಾಪಿನ ಹತ್ತಿರ ನಿಲ್ಲಿಸಿ. ಬಿಗಿದರೆ ವಾಲ್ವ್ ಓರೆಯಾಗಿ ನಿಮಗೆ ಸೂಚನೆ ಕೊಡುವುದಿಲ್ಲ, ಬುಡದಲ್ಲೇ ಕಿತ್ತುಹೋಗುತ್ತದೆ.

ಬಿಚ್ಚಿದ ಹಳೆಯ ಟೈರ್‌ಗಳನ್ನು ಯಾರಿಗೂ ಓಡಿಸಲು ಕೊಡಬೇಡಿ. ಬಟನ್ ನೋಡಿ ಯಾರಾದರೂ ಆಸೆಪಟ್ಟು ಕೇಳಿಯೇ ಕೇಳುತ್ತಾರೆ. ತಂದೆಯವರ ನೆನಪಿಗೆ ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ. ಇಲ್ಲವಾದರೆ ಅಂಚಿನ ತಂತಿಯನ್ನು ಕತ್ತರಿಸಿಯೇ ಗುಜರಿಗೆ ಹಾಕಿ.